ಟ್ರೈನಿಂಗಲ್ಲಿ ಕಲಿಸಿದ ಸೈಕಾಲಜಿಗೆ ಆಧಾರಾನೇ ಇಲ್ವಂತೆ, ಈಗ ಯಾವ ಪುಸ್ತಕ ನಂಬೋದು?

ತಿಪಟೂರು_ಟೀಚರ್:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಹೈಸ್ಕೂಲ್ ಟೀಚರ್, ಸಮಾಜ ವಿಜ್ಞಾನ, ಕನ್ನಡ ಮೀಡಿಯಂ. ಆರು ವರ್ಷದ ಹಿಂದೆ ಮೂರು ದಿನದ ಒಂದು ಟ್ರೈನಿಂಗ್‌ಗೆ ಹೋಗಿದ್ದೆ, ಅಲ್ಲಿ ಹೇಳಿಕೊಟ್ರು ಮಕ್ಕಳಲ್ಲಿ ನೋಡಿ ಕಲಿಯೋರು, ಕೇಳಿ ಕಲಿಯೋರು, ಕೈಯಾರೆ ಮಾಡಿ ಕಲಿಯೋರು ಅಂತ ಮೂರು ಬಗೆ ಇರ್ತಾರೆ, ಒಂದು ಪ್ರಶ್ನೆಪಟ್ಟಿ ಕೊಟ್ಟು ಯಾರು ಯಾವ ಬಗೆ ಅಂತ ಗುರುತಿಸಿ ಅದಕ್ಕೆ ತಕ್ಕ ಹಾಗೆ ಪಾಠ ಮಾಡಬೇಕು, ಇದು ಸೈಕಾಲಜಿ ಅಂತ. ನಾನು ಮನಸಾರೆ ನಂಬಿದೆ. ಅವತ್ತಿಂದ ಪ್ರತಿ ಜೂನಲ್ಲಿ ಎಂಟನೇ ಕ್ಲಾಸಿನ ಹೆಸರುಗಳ ಮುಂದೆ ಪೆನ್ಸಿಲಲ್ಲಿ ನೋ, ಕೇ, ಮಾ ಅಂತ ಒಂದೊಂದು ಅಕ್ಷರ ಬರೆದಿಟ್ಕೋತೀನಿ, ಪೇರೆಂಟ್ಸ್ ಮೀಟಿಂಗಲ್ಲೂ ಹೇಳ್ತೀನಿ.

ಹೋದ ತಿಂಗಳು ಒಬ್ಬ ಹುಡುಗಿಯ ಅಮ್ಮ ಬಂದಿದ್ರು. ಹುಡುಗಿ ಓದೋದ್ರಲ್ಲಿ ಹಿಂದೆ ಬಿದ್ದಿದಾಳೆ, ಮನೇಲಿ ಓದಿಸ್ತಿಲ್ವಾ ಅಂತ ಕೇಳಿದೆ. ಅವರು ಅಂದ್ರು, "ನೀವೇ ಹೇಳಿದ್ರಲ್ಲ ಮೇಡಂ ಇವಳು ಕೇಳಿ ಕಲಿಯೋಳು ಅಂತ, ಅದಕ್ಕೇ ಪುಸ್ತಕ ಹಿಡಿ ಅಂತ ಬೈಯೋದು ಬಿಟ್ವಿ, ಫೋನಲ್ಲಿ ವಿಡಿಯೋ ಹಾಕಿ ಕೊಡ್ತೀವಿ". ಆ ಮಾತು ಕೇಳಿ ನಂಗೆ ಎದೆ ಧಸಕ್ ಅಂತು. ಮನೆಗೆ ಬಂದು ನನ್ನ ಅಣ್ಣನ ಮಗಳಿಗೆ ಫೋನ್ ಮಾಡಿದೆ, ಅವಳು ಬಿಎ ಸೈಕಾಲಜಿ ಓದ್ತಿದಾಳೆ, ಅತ್ತೆ ಅದಕ್ಕೆ ಪುರಾವೆ ಇಲ್ಲ ಅಂತ ನಮ್ಮ ಸೆಕೆಂಡ್ ಇಯರಲ್ಲೇ ಹೇಳ್ತಾರೆ ಅಂದ್ಲು.

ನನ್ನ ಪ್ರಶ್ನೆ ಇಷ್ಟು. ಇದು ನಿಜಾನಾ? ನಿಜ ಆದ್ರೆ ಇನ್ಮೇಲೆ ಯಾವ ಪುಸ್ತಕ ಓದ್ಲಿ, ಯಾವುದನ್ನ ನಂಬ್ಲಿ? ಕನ್ನಡದಲ್ಲಿ ಇದ್ಯಾ? ಇಂಗ್ಲಿಷ್ ಓದ್ತೀನಿ, ನಿಧಾನ ಅಷ್ಟೇ. ರಿಸರ್ಚ್ ಪೇಪರ್ ಹುಡುಕಿದ್ರೆ ಮೊದಲ ಪ್ಯಾರಾ ತೋರಿಸಿ ಆಮೇಲೆ ಡಾಲರಲ್ಲಿ ದುಡ್ಡು ಕೇಳುತ್ತೆ.

ಕುಕ್ಕರಹಳ್ಳಿ_ಕೆರೆದಂಡೆ:

ಟೀಚರ್, ಮೊದಲಿಗೆ, ಆ ಅಮ್ಮನ ಮಾತನ್ನ ಇಲ್ಲಿ ಬರೆದಿರಲ್ಲ, ಅದಕ್ಕೆ ಥ್ಯಾಂಕ್ಸ್. ನಾನು ಎಂಎಸ್ಸಿ ಸೈಕಾಲಜಿ ಮಾಡಿ ಈಗ ಮೈಸೂರಲ್ಲಿ ಮಕ್ಕಳ ಜೊತೆ ಕೌನ್ಸೆಲಿಂಗ್ ಕೆಲಸ ಮಾಡ್ತಿದೀನಿ, ಇದೇ ಕಥೆ ನನ್ನ ಹತ್ರ ಬರೋ ಪೋಷಕರ ಬಾಯಲ್ಲೂ ಕೇಳಿದೀನಿ, ಒಂದ್ಸಲ ಅಲ್ಲ.

ಹೌದು, ನಿಮ್ಮ ಅಣ್ಣನ ಮಗಳು ಹೇಳಿದ್ದು ಸರಿ. 2008ರಲ್ಲಿ ಪ್ಯಾಶ್ಲರ್, ಮೆಕ್‌ಡೇನಿಯಲ್, ರೋರರ್, ಬ್ಯೋರ್ಕ್ ಅನ್ನೋ ನಾಲ್ಕು ಜನ ಸೇರಿ ಲರ್ನಿಂಗ್ ಸ್ಟೈಲ್, ಅಂದ್ರೆ ನೀವು ಹೇಳಿದ ಈ ಕಲಿಯೋ ಬಗೆಗಳ ಬಗ್ಗೆ ಒಂದು ದೊಡ್ಡ ವಿಮರ್ಶೆ ಬರೆದ್ರು. ಅವರು ಕೇಳಿದ್ದು ಬಹಳ ಸರಳ. ನೋಡಿ ಕಲಿಯೋ ಮಕ್ಕಳು, ಕೇಳಿ ಕಲಿಯೋ ಮಕ್ಕಳು ಅಂತ ಎರಡು ಗುಂಪು ಮಾಡಿ, ಪ್ರತಿ ಗುಂಪಲ್ಲೂ ಅರ್ಧ ಜನಕ್ಕೆ ಚಿತ್ರದಲ್ಲಿ ಅರ್ಧ ಜನಕ್ಕೆ ಮಾತಲ್ಲಿ ಚೀಟಿ ಎತ್ತಿದ ಹಾಗೆ ಹಂಚಿ ಪಾಠ ಮಾಡಿ, ಕೊನೇಲಿ ಎಲ್ರಿಗೂ ಒಂದೇ ಟೆಸ್ಟ್ ಕೊಡಿ. ನೋಡೋರು ಚಿತ್ರದಲ್ಲಿ ಗೆಲ್ಬೇಕು, ಕೇಳೋರು ಮಾತಲ್ಲಿ ಗೆಲ್ಬೇಕು, ಆಗ ಮಾತ್ರ ಈ ಮಾತಿಗೆ ಅರ್ಥ. ಅಷ್ಟೊಂದು ಪುಸ್ತಕ ಪೇಪರ್ ಇದ್ರೂ ಹೀಗೆ ಸರಿಯಾಗಿ ಮಾಡಿದ ಪ್ರಯೋಗಗಳು ಬೆರಳೆಣಿಕೆ, ಅವುಗಳಲ್ಲೂ ಹಲವು ಆ ನಂಬಿಕೆಗೆ ವಿರುದ್ಧವಾಗೇ ಬಂದಿದ್ವು. ಮಕ್ಕಳಿಗೆ ಇಷ್ಟ ಅನ್ನೋದು ಇರುತ್ತೆ, ಅದು ಸುಳ್ಳಲ್ಲ, ಆದ್ರೆ ಇಷ್ಟಕ್ಕೆ ತಕ್ಕ ಹಾಗೆ ಪಾಠ ಮಾಡಿದ್ರೆ ಜಾಸ್ತಿ ಕಲೀತಾರೆ ಅನ್ನೋದಕ್ಕೆ ಆಧಾರ ಸಿಗ್ಲಿಲ್ಲ.

ನಿಮ್ಮ ಆ ಹುಡುಗಿ ವಿಷಯಕ್ಕೆ ನೇರವಾಗಿ ಸಂಬಂಧ ಪಟ್ಟ ಪೇಪರೇ ಒಂದಿದೆ. ರೊಗಾವ್‌ಸ್ಕಿ ಮತ್ತವರ ಜೊತೆಗಾರರು 2020ರಲ್ಲಿ ಐದನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿದ್ದು, ಫ್ರಾಂಟಿಯರ್ಸ್ ಇನ್ ಸೈಕಾಲಜಿ ಅನ್ನೋ ಜರ್ನಲಲ್ಲಿ ಬಂದಿದೆ, ಪೂರ್ತಿ ಫ್ರೀ. ಅದ್ರಲ್ಲಿ ಕೇಳಿ ಕಲಿಯೋರು ಅಂತ ಗುರುತಿಸಿದ ಮಕ್ಕಳು ಕೇಳಿದ್ದನ್ನ ಗ್ರಹಿಸೋದ್ರಲ್ಲೂ ನೋಡಿ ಕಲಿಯೋರಿಗಿಂತ ಹಿಂದೇನೇ ಇದ್ರು, ಓದಿ ಗ್ರಹಿಸೋದ್ರಲ್ಲೂ ಹಿಂದೇನೇ. ಇಂಥ ಮಕ್ಕಳಿಗೆ ಓದು ಕಮ್ಮಿ ಮಾಡಿದ್ರೆ ನಷ್ಟವೇ ಆಗಬಹುದು ಅಂತ ಬರೆದವರು ಎಚ್ಚರಿಸ್ತಾರೆ.

ಹಾಗಾದ್ರೆ ಯಾವುದು ಕೆಲಸ ಮಾಡುತ್ತೆ? ಅದಕ್ಕೆ ಡನ್ಲಾಸ್ಕಿ ಮತ್ತವರ ತಂಡದ 2013ರ ವಿಮರ್ಶೆ ಓದಿ. ಕಲಿಕೆಯ ಹತ್ತು ವಿಧಾನ ತಗೊಂಡು ಒಂದೊಂದನ್ನೂ ತೂಗಿ ನೋಡಿದಾರೆ. ಹೈಲೈಟರಲ್ಲಿ ಗೆರೆ ಎಳೆಯೋದು, ಮತ್ತೆ ಮತ್ತೆ ಅದನ್ನೇ ಓದೋದು ಇವಕ್ಕೆ ಕೆಳಗಿನ ಸ್ಥಾನ. ಪುಸ್ತಕ ಮುಚ್ಚಿ ತನ್ನನ್ನೇ ಪರೀಕ್ಷೆ ಮಾಡ್ಕೊಳ್ಳೋದು, ಓದನ್ನ ದಿನಗಳ ಅಂತರ ಬಿಟ್ಟು ಹಂಚ್ಕೊಳ್ಳೋದು, ಇವೆರಡಕ್ಕೆ ಮಾತ್ರ ಮೇಲಿನ ಸ್ಥಾನ ಕೊಟ್ಟಿದಾರೆ.

ಇದರ ಹಿಂದಿನ ಒಂದು ಪ್ರಯೋಗ ನೋಡಿ, ರೋಡಿಗರ್ ಮತ್ತು ಕಾರ್ಪಿಕ್, 2006. 120 ಕಾಲೇಜು ವಿದ್ಯಾರ್ಥಿಗಳು, ಓದೋಕೆ ಎರಡು ಸಣ್ಣ ಪಾಠ, ಒಂದು ಸೂರ್ಯನ ಬಗ್ಗೆ ಇನ್ನೊಂದು ಕಡಲ ನೀರುನಾಯಿ ಬಗ್ಗೆ. ಒಂದು ಪಾಠವನ್ನ ಎರಡು ಸಲ ಓದೋದು, ಇನ್ನೊಂದನ್ನ ಒಂದೇ ಸಲ ಓದಿ ಆಮೇಲೆ ಖಾಲಿ ಹಾಳೆ ಮೇಲೆ ನೆನಪಿದ್ದಷ್ಟು ಬರೆಯೋದು. ಐದು ನಿಮಿಷ ಆದ್ಮೇಲೆ ಟೆಸ್ಟ್ ಮಾಡಿದ್ರೆ ಎರಡು ಸಲ ಓದಿದ್ದೇ ಮುಂದು, ಓದಿದ್ದು 81 ಶೇಕಡ, ಬರೆದು ನೋಡಿದ್ದು 75. ಒಂದು ವಾರ ಬಿಟ್ಟು ಕೇಳಿದ್ರೆ ಉಲ್ಟಾ, ಓದಿದ್ದು 42, ಬರೆದು ನೋಡಿದ್ದು 56. ಮಕ್ಕಳ ಜೊತೆ ಕೆಲಸ ಮಾಡೋ ನಾವೆಲ್ಲ ಮೋಸ ಹೋಗೋದು ಆ ಮೊದಲ ಐದು ನಿಮಿಷದಲ್ಲೇ ಅನ್ಸುತ್ತೆ, ಮಕ್ಕಳು ಈಗ ತಾನೇ ಓದಿ ಪಟಪಟ ಅಂತ ಹೇಳ್ಬಿಡ್ತಾರೆ, ಬಂತು ಅಂದ್ಕೋತೀವಿ.

ಪುಸ್ತಕವೇ ಬೇಕಂದ್ರೆ ಇದೇ ರೋಡಿಗರ್ ಮತ್ತು ಮೆಕ್‌ಡೇನಿಯಲ್ ಇಬ್ಬರೂ ಒಬ್ಬ ಕಥೆಗಾರನ ಜೊತೆ ಸೇರಿ ಬರೆದ 'ಮೇಕ್ ಇಟ್ ಸ್ಟಿಕ್' ಇದೆ, 2014ರದ್ದು, ಇಂಗ್ಲಿಷ್ ಸುಲಭ.

ಕೋಡ್_ಮತ್ತು_ಕಾಫಿ:

ನಾನು ಸೈಕಾಲಜಿ ಓದಿದವನಲ್ಲ, ಸಾಫ್ಟ್‌ವೇರ್, ಈಗ ಇರೋದು ನೆದರ್ಲೆಂಡ್ಸಲ್ಲಿ. ಆದ್ರೆ ಈ ಪುಸ್ತಕಗಳ ಹುಚ್ಚು ಹಿಡಿದು ಹತ್ತು ವರ್ಷ ಆಯ್ತು, ನಂಗೂ ನಿಮ್ ಥರಾನೇ ಒಂದು ಏಟು ಬಿದ್ದಿತ್ತು, ಅದಕ್ಕೆ ಬರೀತಿದೀನಿ.

ಡೇನಿಯಲ್ ಕಾನ್‌ಮನ್ ಅನ್ನೋ ಸೈಕಾಲಜಿಸ್ಟ್ ಬರೆದ 'ಥಿಂಕಿಂಗ್ ಫಾಸ್ಟ್ ಅಂಡ್ ಸ್ಲೋ' 2011ರದ್ದು, ನೊಬೆಲ್ ಬಂದ ಮನುಷ್ಯ, ನಾನು ಗೆರೆ ಗೆರೆ ಎಳೆದು ಓದಿದ್ದೆ. ಅದರ ನಾಲ್ಕನೇ ಅಧ್ಯಾಯದಲ್ಲಿ ಒಂದು ಪ್ರಯೋಗ ಬರುತ್ತೆ, ಬಾರ್ಗ್ ಅನ್ನೋರು 1996ರಲ್ಲಿ ಪ್ರಕಟಿಸಿದ್ದು. ಕಾಲೇಜು ಹುಡುಗರಿಗೆ ಅಡ್ಡಾದಿಡ್ಡಿ ಪದ ಕೊಟ್ಟು ವಾಕ್ಯ ಮಾಡಿಸ್ತಾರೆ, ಕೆಲವರ ಪದಗಳಲ್ಲಿ ಸುಕ್ಕು, ನರೆ, ಹೀಗೆ ಮುಪ್ಪನ್ನ ನೆನಪಿಸೋ ಮಾತು ಸೇರಿಸಿರ್ತಾರೆ, ಆಮೇಲೆ ಅವರು ಕಾರಿಡಾರಲ್ಲಿ ನಡ್ಕೊಂಡು ಹೋಗೋ ಟೈಮ್ ಅಳೀತಾರೆ, ಮುಪ್ಪಿನ ಪದ ನೋಡಿದವರು ನಿಧಾನವಾಗಿ ನಡೆದ್ರಂತೆ. ಓದಿದಾಗ ಮೈ ಜುಮ್ಮಂತು, ಆಫೀಸಲ್ಲಿ ಎಲ್ರಿಗೂ ಹೇಳ್ಕೊಂಡು ತಿರುಗಿದೆ. ಆಮೇಲೆ ಗೊತ್ತಾಯ್ತು ಒಂದೊಂದು ಪ್ರಯೋಗದಲ್ಲಿ ಇದ್ದವರು ಮೂವತ್ತು ಜನ. 2012ರಲ್ಲಿ ದೊಯೆನ್ ಅನ್ನೋರು ಬ್ರಸೆಲ್ಸಲ್ಲಿ 120 ಜನರ ಮೇಲೆ, ಸ್ಟಾಪ್‌ವಾಚ್ ಬಿಟ್ಟು ಇನ್ಫ್ರಾರೆಡ್ ಸೆನ್ಸರ್ ಇಟ್ಟು ಮಾಡಿದಾಗ ಏನೂ ಸಿಗ್ಲಿಲ್ಲ. ಪ್ರಯೋಗ ನಡೆಸೋರಿಗೇ ಇವರು ನಿಧಾನ ನಡೀತಾರೆ ಅಂತ ಮೊದಲೇ ನಂಬಿಸಿದಾಗ ಮಾತ್ರ ಆ ಪರಿಣಾಮ ಮತ್ತೆ ಕಾಣಿಸ್ತು.

ಕಾನ್‌ಮನ್ ಬಗ್ಗೆ ನಂಗೆ ಗೌರವ ಜಾಸ್ತಿ ಆಗಿದ್ದು ಇದಾದ್ಮೇಲೆ. ಕಮ್ಮಿ ಜನರ ಮೇಲೆ ಮಾಡಿದ ಪ್ರಯೋಗಗಳನ್ನ ತಾನು ಅತಿಯಾಗಿ ನಂಬಿಬಿಟ್ಟೆ ಅಂತ 2017ರಲ್ಲಿ ಅವರೇ ಬಹಿರಂಗವಾಗಿ ಬರೆದು ಒಪ್ಕೊಂಡ್ರು. ಪುಸ್ತಕ ಮಾತ್ರ ಹಾಗೇ ಮಾರಾಟ ಆಗ್ತಿದೆ, ಅಂಗಡಿಯಿಂದ ಇವತ್ತು ತರೋರಿಗೆ ಇದು ಗೊತ್ತಾಗಲ್ಲ.

2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ದೊಡ್ಡ ಪ್ರಯತ್ನ ಗೊತ್ತಿರಬಹುದು, ಸೈಕಾಲಜಿಯ 100 ಪ್ರಯೋಗಗಳನ್ನ ಮತ್ತೆ ಮಾಡಿ ನೋಡಿದ್ದು. ಮೊದಲ ಸಲ 97 ಶೇಕಡ ಪೇಪರಲ್ಲಿ ಫಲ ಬಂದಿತ್ತು, ಮತ್ತೆ ಮಾಡಿದಾಗ 36 ಶೇಕಡ. ಹಂಗಾಗಿ ನನ್ನ ರೂಲ್ ಇದು: 2011ಕ್ಕಿಂತ ಹಿಂದಿನದ್ದನ್ನ ಮುಟ್ಟಬೇಡಿ, ಎಷ್ಟು ಜನರ ಮೇಲೆ ಮಾಡಿದ್ದು ಅಂತ ಮೊದಲು ನೋಡಿ, ನೂರಕ್ಕಿಂತ ಕಮ್ಮಿ ಇದ್ರೆ ಮುಚ್ಚಿಡಿ.

ಇನ್ನು ಡಾಲರ್ ಸಮಸ್ಯೆ. ಪೇಪರ್ ಹೆಸರನ್ನ ಗೂಗಲ್ ಸ್ಕಾಲರಲ್ಲಿ ಹಾಕಿ, ಬಲಗಡೆ ಪಿಡಿಎಫ್ ಅಂತ ಲಿಂಕ್ ಇದ್ರೆ ಅದು ಫ್ರೀ, ಇಲ್ಲಾಂದ್ರೆ ಕೆಳಗಡೆ ಇದೇ ಪೇಪರಿನ ಎಲ್ಲಾ ಆವೃತ್ತಿ ಅಂತ ಬರುತ್ತಲ್ಲ ಅದನ್ನ ಒತ್ತಿ ನೋಡಿ, ಎಷ್ಟೋ ಸಲ ಬರೆದವರ ಕಾಲೇಜಿನ ಪುಟದಲ್ಲೇ ಸಿಗುತ್ತೆ. ಪಬ್‌ಮೆಡ್ ಸೆಂಟ್ರಲ್, ಸೈಆರ್ಕೈವ್ ಅಂತ ಪೇಪರ್ ಇಡೋ ಎರಡು ಸೈಟ್ ಇದಾವೆ, ಎರಡೂ ಫ್ರೀ. ಯಾವುದೂ ಆಗ್ಲಿಲ್ಲ ಅಂದ್ರೆ ಬರೆದವರಿಗೇ ಒಂದು ಮೇಲ್ ಹಾಕಿ, ನಾನು ಟೀಚರ್, ಓದ್ಬೇಕು ಅಂತ ಎರಡು ಸಾಲು ಸಾಕು. ನಂಗೆ ಹೀಗೆ ಕೇಳಿದ್ರಲ್ಲಿ ಬಹಳ ಸಲ ಒಂದೆರಡು ದಿನದಲ್ಲಿ ಪೇಪರ್ ಬಂದಿದೆ.

ಹಳೇಪೇಟೆ_ಓದುಗ:

ಮೇಲಿನ ಸಾಫ್ಟ್‌ವೇರ್ ತಮ್ಮ ಬಹಳ ಚೆನ್ನಾಗಿ ಬರೆದಿದೀರಿ, ಆದ್ರೆ ಆ 2011ರ ರೂಲ್ ನಾನು ಒಪ್ಪಲ್ಲ. ನಾನು ರಿಟೈರ್ಡ್, ಕಾಲೇಜಲ್ಲಿ ಲೈಬ್ರರಿ ನೋಡ್ಕೋತಿದ್ದೆ, ಮನಃಶಾಸ್ತ್ರದ ರ‍್ಯಾಕ್ ನನ್ನ ಕೈಯಲ್ಲೇ ಇತ್ತು.

ಎಬ್ಬಿಂಗ್‌ಹೌಸ್ ಅಂತ ಒಬ್ಬ ಜರ್ಮನ್. ನೆನಪಿನ ಬಗ್ಗೆ 1885ರಲ್ಲಿ ಪುಸ್ತಕ ಬರೆದ. ಎಷ್ಟು ಜನರ ಮೇಲೆ ಮಾಡಿದ ಪ್ರಯೋಗ? ಒಬ್ಬನ ಮೇಲೆ, ತನ್ನ ಮೇಲೇ. ಅರ್ಥವೇ ಇಲ್ಲದ ಸುಮಾರು 2300 ಉಚ್ಚಾರಣೆಯ ತುಣುಕು ಮಾಡ್ಕೊಂಡು, ಗಡಿಯಾರದ ಟಿಕ್ ಟಿಕ್ ತಾಳಕ್ಕೆ ನಿಮಿಷಕ್ಕೆ 150ರ ವೇಗದಲ್ಲಿ ಒಬ್ಬನೇ ಕೂತು ಓದ್ಕೊಂಡು ಬಾಯಿಪಾಠ ಮಾಡೋದು, ಬಿಟ್ಟು, ಇಪ್ಪತ್ತು ನಿಮಿಷ ಆದ್ಮೇಲೆ, ಒಂದು ಗಂಟೆ ಆದ್ಮೇಲೆ, ಒಂದು ದಿನ, 31 ದಿನ ಆದ್ಮೇಲೆ ಅದನ್ನೇ ಮತ್ತೆ ಕಲಿಯೋಕೆ ಎಷ್ಟು ಹೊತ್ತು ಉಳಿಯಿತು ಅಂತ ಲೆಕ್ಕ ಹಾಕೋದು. ಇಪ್ಪತ್ತು ನಿಮಿಷಕ್ಕೆ 58 ಶೇಕಡ ಉಳಿತಾಯ, ಒಂದು ದಿನಕ್ಕೆ 34ರ ಹತ್ರ, ತಿಂಗಳಿಗೆ 21. ಅಂದ್ರೆ ನೆನಪು ಮೊದಮೊದಲು ಸರ್ರನೆ ಇಳಿದು ಆಮೇಲೆ ಇಳಿಯೋದು ನಿಧಾನ ಆಗುತ್ತೆ. 2015ರಲ್ಲಿ ನಿಮ್ಮ ನೆದರ್ಲೆಂಡ್ಸಿನವರೇ, ಮುರ್ರೆ ಮತ್ತು ಡ್ರೋಸ್, ಎಪ್ಪತ್ತು ಗಂಟೆ ಇದನ್ನೇ ಮತ್ತೆ ಮಾಡಿ ನೋಡಿದ್ರು, ಅದೂ ಒಬ್ಬನೇ ಮನುಷ್ಯನ ಮೇಲೆ. ನೆನಪು ಇಳಿಯೋ ಗೆರೆ ಹೆಚ್ಚುಕಮ್ಮಿ ಅದೇ ಬಂತು. ಪ್ಲಾಸ್ ಒನ್ ಅನ್ನೋ ಜರ್ನಲಲ್ಲಿದೆ, ದುಡ್ಡಿಲ್ಲದೆ ಓದಬಹುದು. ಮೇಲೆ ಟೀಚರಮ್ಮನಿಗೆ ಹೇಳಿದ ಪಾಠ ಹಂಚಿ ಓದಿಸೋ ವಿಚಾರಕ್ಕೆ ಮೂಲವೂ ಇದೇ ಪುಸ್ತಕ, ಒಂದೇ ಸಲ ಗುದ್ದೋದಕ್ಕಿಂತ ದಿನಗಳ ಮೇಲೆ ಹಂಚಿದ್ರೆ ಕಮ್ಮಿ ಶ್ರಮ ಸಾಕು ಅಂತ ಆತ ಅವತ್ತೇ ಬರೆದಿದಾನೆ. ಇದನ್ನ ಮುಟ್ಟಬೇಡಿ ಅಂದ್ರೆ ಹೆಂಗೆ?

ಜನ ಕಮ್ಮಿ ಅನ್ನೋದೊಂದೇ ದೋಷ ಅಲ್ಲಪ್ಪ. ಕಮ್ಮಿ ಜನರನ್ನ ಒಂದೊಂದೇ ಸಲ ಅಳೆದು ಅದರ ಮೇಲೆ ದೊಡ್ಡ ಮಾತು ಕಟ್ಟೋದು ದೋಷ. ಈತ ಒಬ್ಬನನ್ನೇ ವರ್ಷಗಟ್ಟಲೆ ಅಳೆದ, ಹೆಂಗೆ ಅಳೆದೆ ಅಂತ ಎಳೆ ಎಳೆಯಾಗಿ ಬರೆದಿಟ್ಟ, ಅದಕ್ಕೇ 130 ವರ್ಷ ಆದ್ಮೇಲೂ ಇನ್ನೊಬ್ರು ಮಾಡಿ ನೋಡೋಕಾಯ್ತು. ನಾನು ಲೈಬ್ರರಿಗೆ ಬರೋ ಹುಡುಗರಿಗೆ ಹೇಳ್ತಿದ್ದೆ, ಪುಸ್ತಕದಲ್ಲಿ ಫಲಿತಾಂಶ ಓದೋಕೆ ಮುಂಚೆ ಹೆಂಗೆ ಮಾಡಿದ್ರು ಅನ್ನೋ ಭಾಗ ಓದ್ರೋ ಅಂತ. ಅದೇ ಇಲ್ಲದ ಪುಸ್ತಕ ಆಗಿದ್ರೆ ಯಾವ ವರ್ಷದ್ದಾದ್ರೂ ಅಷ್ಟೇ.

ಇನ್ನು ಕನ್ನಡದ ಪ್ರಶ್ನೆ. ಮೊದಲು ಡಾ. ಎಂ. ಶಿವರಾಂ ಅವರ 'ಮನಮಂಥನ'. ಹೌದು, ಕೊರವಂಜಿ ಪತ್ರಿಕೆಯ ರಾಶಿಯವರೇ. ನಗೆಬರಹಕ್ಕೆ ಹೆಸರಾದ ಡಾಕ್ಟರು ಮನಸ್ಸಿನ ಕಾಯಿಲೆ ಬಗ್ಗೆ ಬರೆದ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೆಚ್ಚಾಗಿ ಕಥೆ ಕಾದಂಬರಿ ಕಾವ್ಯ ವಿಮರ್ಶೆಗೆ ಹೋಗೋ ಪ್ರಶಸ್ತಿ ಮನೋವೈದ್ಯದ ಪುಸ್ತಕಕ್ಕೆ ಬಂದಿದ್ದು ನಂಗೆ ಈಗಲೂ ಹೆಮ್ಮೆ. ಇವತ್ತಿನ ವೈದ್ಯಕ್ಕೆ ಅದು ಹಳೇದಾಯ್ತು, ಚಿಕಿತ್ಸೆಗೆ ಅಂತ ಓದಬಾರದು, ಆದ್ರೆ ಮನಸ್ಸಿನ ವಿಚಾರವನ್ನ ಕನ್ನಡದಲ್ಲಿ ಹೆಂಗೆ ಹೇಳಬಹುದು ಅನ್ನೋದಕ್ಕೆ ಓದಬೇಕು. ಇವತ್ತಿನದ್ದಕ್ಕೆ ನಿಮ್ಹಾನ್ಸಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು, ಸಣ್ಣ ಸಣ್ಣವು, ರಾಶಿ ರಾಶಿ ಇದಾವೆ. ದೆವ್ವ ಹಿಡಿದಿದೆ ಅಂತ ಮಂತ್ರವಾದಿ ಹತ್ರ ಹೋಗ್ತಿದ್ದ ಎಷ್ಟೋ ಮನೆಗಳಿಗೆ ಇದು ಕಾಯಿಲೆ, ಇದಕ್ಕೆ ಔಷಧಿ ಇದೆ ಅಂತ ಹೇಳಿದ್ದು ಇಂಥ ಪುಸ್ತಕಗಳೇ. ಆದ್ರೆ ಒಂದು ಮಾತು, ಇವೆಲ್ಲ ಮನಸ್ಸಿನ ಆರೋಗ್ಯದ್ದು. ಕಲಿಕೆ, ನೆನಪು, ಪ್ರಯೋಗ, ಈ ಕಡೆಯ ಸೈಕಾಲಜಿ ಕನ್ನಡದಲ್ಲಿ ಕಾಲೇಜು ಪಠ್ಯಪುಸ್ತಕ ಬಿಟ್ರೆ ನನ್ನ ಕೈಗೆ ಸಿಕ್ಕಿದ್ದು ಬಹಳ ಕಮ್ಮಿ, ನಂಗೆ ಇದು ಬೇಜಾರಿನ ವಿಷಯ. ಮೈಸೂರು ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ವಿಭಾಗ ಶುರುವಾಗಿದ್ದು 1924ರಲ್ಲಿ, ದೇಶದಲ್ಲಿ ಕಲ್ಕತ್ತಾ ಬಿಟ್ರೆ ಮೊದಲು ನಮ್ಮಲ್ಲೇ. ಕಟ್ಟಿದವರು ಲಂಡನ್ನಿನಲ್ಲಿ ಓದಿಬಂದ ಎಂ. ವಿ. ಗೋಪಾಲಸ್ವಾಮಿ, 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ್ರಲ್ಲ, ಅದೇ ಮೇಷ್ಟ್ರು. ನೂರು ವರ್ಷ ಆಯ್ತು ನೋಡಿ, ಇಷ್ಟರಲ್ಲಿ ನಮ್ಮ ಟೀಚರ್‌ಗಳ ಕೈಗೆ ಒಂದು ಒಳ್ಳೆ ಕನ್ನಡ ಪುಸ್ತಕ ಬರಬೇಕಿತ್ತು.

ಕುಕ್ಕರಹಳ್ಳಿ_ಕೆರೆದಂಡೆ:

ಸಾರ್ ಹೇಳಿದ್ದಕ್ಕೆ ಸೇರಿಸ್ತೀನಿ. ಕಲಿಕೆ ಬಗ್ಗೆ ಕನ್ನಡದಲ್ಲಿ ಪುಸ್ತಕ ಕಮ್ಮಿ ಇರಬಹುದು, ಆದ್ರೆ ಕನ್ನಡ ಮಕ್ಕಳ ಬಗ್ಗೆ ಒಳ್ಳೆ ಸಂಶೋಧನೆ ಇದೆ, ಇಂಗ್ಲಿಷಲ್ಲಿ ಕೂತಿದೆ ಅಷ್ಟೇ. ಟೀಚರ್, ನೀವು ಸೋನಾಲಿ ನಾಗ್ ಅವರ 2007ರ ಪೇಪರ್ ಹುಡುಕಿ, ಕನ್ನಡ ಓದೋಕೆ ಕಲಿಯೋ ಚಿಕ್ಕ ಮಕ್ಕಳ ಮೇಲೆ ಮಾಡಿದ್ದು. ಇಂಗ್ಲಿಷ್ ಮಗುವಿಗೆ ಇಪ್ಪತ್ತಾರು ಅಕ್ಷರ, ನಮ್ಮ ಮಗುವಿಗೆ ಕಾಗುಣಿತ ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪ. ಹಂಗಾಗಿ ಕನ್ನಡ ಮಕ್ಕಳು ಅಕ್ಷರ ಕಲಿಯೋದು ಒಂದು ವರ್ಷಕ್ಕೆ ಮುಗಿಯೋ ಕೆಲಸ ಅಲ್ಲ, ನಾಲ್ಕನೇ ಕ್ಲಾಸಿನವರೆಗೂ ಎಳೆಯುತ್ತೆ ಅಂತ ಅದರಲ್ಲಿದೆ. ಇದು ಗೊತ್ತಿಲ್ಲದೆ ಇಂಗ್ಲಿಷ್ ಪುಸ್ತಕದಲ್ಲಿರೋ ವಯಸ್ಸಿನ ಲೆಕ್ಕ ಹಿಡ್ಕೊಂಡು ಎರಡನೇ ಕ್ಲಾಸಿನ ಮಗುವಿಗೆ ಒತ್ತಕ್ಷರ ಬರಲ್ಲ ಅಂತ ತೊಂದರೆ ಇರೋ ಮಗು ಅಂದ್ಬಿಡ್ತಾರೆ. ನನ್ನ ಹತ್ರ ಹಾಗೆ ಹಣೆಪಟ್ಟಿ ಹಚ್ಚಿಸ್ಕೊಂಡು ಬಂದ ಒಬ್ಬ ಹುಡುಗನ ನೋಟ್‌ಬುಕ್ ಇವತ್ತಿಗೂ ಕಣ್ಮುಂದೆ ಇದೆ, ಸರಳ ಅಕ್ಷರ ಎಲ್ಲ ಸರಿ, 'ವಿದ್ಯಾರ್ಥಿ'ಯಲ್ಲಿ ಒತ್ತು ಮಾತ್ರ ಪ್ರತಿ ಸಲ ಬೇರೆ ಕಡೆ. ಅವನಿಗೆ ಬೇಕಾಗಿದ್ದು ಇನ್ನೊಂದು ವರ್ಷ ಟೈಮು.

2010ರಲ್ಲಿ ಹೆನ್ರಿಕ್ ಮತ್ತವರ ಜೊತೆಗಾರರು ಬರೆದ ಹೆಸರಾಂತ ಪೇಪರ್ ಒಂದಿದೆ, ಸೈಕಾಲಜಿ ಮನುಷ್ಯನ ಬಗ್ಗೆ ಅಂತ ಹೇಳೋದ್ರಲ್ಲಿ ಬಹುಪಾಲು ಪಶ್ಚಿಮದ ಶ್ರೀಮಂತ ದೇಶಗಳ ಓದಿದ ಜನರ ಬಗ್ಗೆ ಮಾತ್ರ ಅಂತ. ನಮ್ಮ ಕಡೆಯಿಂದ ಅದಕ್ಕೆ ಉತ್ತರ ಅನ್ನೋ ಹಾಗೆ ಸುವರ್ಣಾ ಅಲ್ಲಾಡಿ ಅವರ 2013ರ ಪೇಪರ್ ಇದೆ, ಹೈದರಾಬಾದಿನ 648 ಡಿಮೆನ್ಷಿಯಾ (ಮರೆವಿನ ಕಾಯಿಲೆ) ರೋಗಿಗಳು, ಎರಡು ಭಾಷೆ ಆಡೋರಿಗೆ ಕಾಯಿಲೆ ಶುರುವಾಗಿದ್ದು ಸುಮಾರು ನಾಲ್ಕೂವರೆ ವರ್ಷ ತಡವಾಗಿ, ಅದೂ ಶಾಲೆಗೇ ಹೋಗದವರಲ್ಲೂ. ಎರಡು ಭಾಷೆಯ ಲಾಭದ ಬಗ್ಗೆ ಜಗಳ ಇನ್ನೂ ನಡೀತಿದೆ, ಇದೊಂದೇ ಕೊನೆ ಮಾತು ಅಲ್ಲ, ಆದ್ರೆ ಓದು ಬರಹ ಬರದಿದ್ರೂ ಎರಡು ಮೂರು ಭಾಷೆ ಆಡೋ ಜನ ಇರೋ ಊರಲ್ಲಿ ಕೂತು ಮಾತ್ರ ಕೇಳಬಹುದಾದ ಪ್ರಶ್ನೆ ಅದು.

ಕೋಡ್_ಮತ್ತು_ಕಾಫಿ:

ಹಳೇಪೇಟೆ ಸಾರ್, ಮುರ್ರೆ ಪೇಪರ್ ಈಗ ತಾನೇ ಓದಿ ಮುಗಿಸ್ದೆ. ನನ್ನ ರೂಲ್ ವಾಪಸ್ ತಗೋತೀನಿ. ಹೆಂಗೆ ಮಾಡಿದ್ರು ಅನ್ನೋದನ್ನ ಮೊದಲು ಓದು ಅನ್ನೋದೇ ಸರಿ, ಬಾರ್ಗ್ ಪೇಪರನ್ನೂ ಹಾಗೆ ಓದಿದ್ರೆ ನಾನು ಅವತ್ತು ಅಷ್ಟು ಕುಣೀತಿರಲಿಲ್ಲ.

ತಿಪಟೂರು_ಟೀಚರ್:

ಎಲ್ರಿಗೂ ಕೈ ಮುಗೀತೀನಿ. ಎರಡು ವಾರ ಆಯ್ತು, ಡನ್ಲಾಸ್ಕಿ ಪೂರ್ತಿ ಆಗಿಲ್ಲ, ದಿನಕ್ಕೆ ಎರಡು ಪುಟ. ರೊಗಾವ್‌ಸ್ಕಿ ಪೇಪರ್ ಓದ್ದೆ. ಆ ರಾತ್ರಿ ನಿದ್ದೆ ಬರ್ಲಿಲ್ಲ.

ಕ್ಲಾಸಲ್ಲಿ ಒಂದು ಕೆಲಸ ಶುರು ಮಾಡಿದೀನಿ. ಹೊಯ್ಸಳರ ಪಾಠ ಆದ್ಮೇಲೆ ಪುಸ್ತಕ ಮುಚ್ಚಿಸಿ ರಫ್ ನೋಟಲ್ಲಿ ನೆನಪಿದ್ದಷ್ಟು ಬರೀರಿ ಅಂದೆ, ಮಾರ್ಕ್ಸ್ ಇಲ್ಲ ಅಂತಾನೂ ಹೇಳಿದೆ. ಮೊದಲ ಐದು ನಿಮಿಷ ಪೆನ್ನು ಕಚ್ಕೊಂಡು ಕೂತಿದ್ರು. ನಾಲ್ಕು ದಿನ ಬಿಟ್ಟು ಮತ್ತೆ ಅದೇ. ಈ ಸಲ ಆ ಹುಡುಗಿ, ಪೆನ್ಸಿಲಲ್ಲಿ ಕೇ ಅಂತ ನಾನು ಬರೆದಿದ್ದವಳು, ಮುಕ್ಕಾಲು ಪುಟ ಬರೆದಿದ್ಲು, ವಿಷ್ಣುವರ್ಧನ, ಶಾಂತಲೆ ಅಲ್ದೆ ಬೇಲೂರು ದೇವಸ್ಥಾನ ಕಟ್ಟಿಸಿದ್ದೂ ಬಂದಿತ್ತು, ಕಾಗುಣಿತ ತಪ್ಪು ಬೇಕಾದಷ್ಟಿತ್ತು. ಇದರಿಂದಲೇ ಆಯ್ತು ಅಂತ ಹೇಳೋಕೆ ಆಗಲ್ಲ, ಒಂದು ಕ್ಲಾಸು, ಹೋಲಿಸೋಕೆ ಇನ್ನೊಂದು ಗುಂಪು ಇಲ್ಲ, ಇಷ್ಟು ನಿಮ್ಮಿಂದಲೇ ಕಲಿತೆ.

ಬರೋ ಶನಿವಾರ ಪೇರೆಂಟ್ಸ್ ಮೀಟಿಂಗ್. ಎಲ್ರ ಮುಂದೆ ನಾನು ಹೇಳಿದ್ದು ತಪ್ಪು ಅಂತ ಹೇಳ್ತೀನಿ, ಆ ಅಮ್ಮನಿಗೆ ಬೇರೆಯಾಗಿ ಹೇಳ್ತೀನಿ. ಮನೇಲಿ ಏನು ಮಾಡಿಸ್ಬೇಕು ಅಂತ ಒಂದು ಪುಟದ ಚೀಟಿ ಕನ್ನಡದಲ್ಲಿ ಮಾಡಿ ಕೊಡೋಣ ಅಂತ ಇದೀನಿ. ಈ ಪುಸ್ತಕ ಮುಚ್ಚಿ ನೆನಪು ಮಾಡ್ಕೊಳ್ಳೋ ಅಭ್ಯಾಸಕ್ಕೆ ಇಂಗ್ಲಿಷಲ್ಲಿ ರಿಟ್ರೀವಲ್ ಪ್ರಾಕ್ಟೀಸ್ ಅಂತಾರಲ್ಲ, ಕನ್ನಡದಲ್ಲಿ ಏನನ್ಬೇಕು? 'ಮರುಪಡೆಯುವಿಕೆ' ಅಂತ ಒಂದು ಕಡೆ ಸಿಕ್ತು, ಹಾಗೆ ಬರೆದ್ರೆ ಯಾರಿಗೂ ತಲೆಬುಡ ಅರ್ಥ ಆಗಲ್ಲ.

ಹಳೇಪೇಟೆ_ಓದುಗ:

ಒಪ್ಪಿಸೋದು. ಸಂಜೆ ದೀಪ ಹಚ್ಚಿದ ಮೇಲೆ ನಮ್ಮಜ್ಜ ಜಗಲಿ ಮೇಲೆ ಕೂತು ಪುಸ್ತಕ ತನ್ನ ಕೈಗೆ ಇಸ್ಕೊಂಡು "ಹಾಂ, ಒಪ್ಸು" ಅಂತಿದ್ರು, ಮಗ್ಗಿ ಆಗ್ಲಿ ಪದ್ಯ ಆಗ್ಲಿ. ಪಾಠ ಒಪ್ಪಿಸೋದು ಅಂದ್ರೆ ಆ ಅಮ್ಮನಿಗೂ ಗೊತ್ತಿರುತ್ತೆ.

ಕುಕ್ಕರಹಳ್ಳಿ_ಕೆರೆದಂಡೆ:

ಸಾರ್ ಸರಿಯಾದ ಪದ. ಒಂದೇ ಎಚ್ಚರ, ಒಪ್ಪಿಸೋದು ಅಂದ್ರೆ ಅಕ್ಷರ ಬಿಡದೆ ಬಾಯಿಪಾಠ ಅಂತ ಕೆಲವ್ರು ತಿಳ್ಕೋತಾರೆ, ಅದಕ್ಕೆ 'ತನ್ನ ಮಾತಲ್ಲಿ ಒಪ್ಪಿಸೋದು' ಅಂತ ಬರೀರಿ. ಮತ್ತೆ ತಪ್ಪು ಹೇಳಿದ್ರೆ ಬೈಬೇಡಿ, ಪುಸ್ತಕ ತೆಗೆದು ಸರಿಯಾದ್ದು ತೋರಿಸಿ ಅಂತ ಒಂದು ಸಾಲು ಖಂಡಿತ ಸೇರಿಸಿ.

ತಿಪಟೂರು_ಟೀಚರ್:

ಸರಿ, ಹಾಗೇ ಬರೀತೀನಿ. ಗುರುವಾರ ರಾತ್ರಿ ಚೀಟಿ ಇಲ್ಲೇ ಹಾಕ್ತೀನಿ, ಶುಕ್ರವಾರ ಜೆರಾಕ್ಸ್ ಮಾಡಿಸ್ಬೇಕು, ಅಷ್ಟರೊಳಗೆ ಎಲ್ಲಿ ತಪ್ಪಿದೆ ನೋಡಿ ಹೇಳಿ.